ಏನೂ ಹೊಳೆಯದ ದಿನಗಳಿಗೆ ಚುಕ್ಕಿ ರಂಗೋಲಿ

ಚಿತ್ರ ಬಿಡಿಸುವವರಿಗೆ ಏನೂ ಹೊಳೆಯದಿದ್ದಾಗ, ಖಾಲಿ ಹಾಳೆಯ ಮುಂದೆ ಸ್ಫೂರ್ತಿಗಾಗಿ ಕಾಯುವುದಕ್ಕಿಂತ ಪ್ರತಿದಿನ ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ಒಂದು ಚುಕ್ಕಿ ರಂಗೋಲಿ ಹಾಕುವುದು ಒಳ್ಳೆಯದು. ನಡುಸಾಲಿನಲ್ಲಿ 7 ಚುಕ್ಕಿಗಳನ್ನಿಟ್ಟು, ಅದರ ಮೇಲೆಯೂ ಕೆಳಗೆಯೂ ಹಿಂದಿನ ಸಾಲಿನ ಸಂದುಗಳಿಗೆ ಸರಿಯಾಗಿ ಕ್ರಮವಾಗಿ 6, 5, 4 ಚುಕ್ಕಿಗಳನ್ನು ಇಡುತ್ತಾ ಹೋದರೆ, ಒಟ್ಟು 37 ಚುಕ್ಕಿಗಳ ಆರು ಮೂಲೆಯ ಚೌಕಟ್ಟು ಸಿದ್ಧವಾಗುತ್ತದೆ. ಎಲ್ಲಿಂದ ಆರಂಭಿಸಬೇಕೆಂಬ ಪ್ರಶ್ನೆ ಆಮೇಲೆ ಏಳುವುದಿಲ್ಲ. ಚುಕ್ಕಿಗಳನ್ನು ಸೇರಿಸಬೇಕೋ, ಸುತ್ತಿ ಬಳಸಿಕೊಂಡು ಹೋಗಬೇಕೋ ಎಂಬುದಷ್ಟೇ ಉಳಿಯುತ್ತದೆ. ಒಂದು ವಾರದವರೆಗೆ ಚುಕ್ಕಿಗಳ ಲೆಕ್ಕವನ್ನು ಹಾಗೆಯೇ ಇಟ್ಟು, ಎಳೆಯನ್ನು ಮಾತ್ರ ಬದಲಿಸಿ. ಪೆನ್ಸಿಲ್ ಬೇಡ, ಬಾಲ್‌ಪೆನ್ನೇ ಇರಲಿ. ರಬ್ಬರ್ ಕೈಗೆ ಸಿಕ್ಕಿತೆಂದರೆ ತಿದ್ದುವುದರಲ್ಲಿಯೇ ಹೊತ್ತು ಹೋಗುತ್ತದೆ. (ಮೊಬೈಲಿನಲ್ಲಿ ಮಾದರಿ ಹುಡುಕುವುದೂ ನನ್ನ ಮಟ್ಟಿಗೆ ಅಷ್ಟೇ ಹಾನಿಕರ.) ಎಳೆ ತಪ್ಪಿದರೆ ಅದನ್ನೇ ಬಳ್ಳಿಯಾಗಿಯೋ ಎಲೆಯಾಗಿಯೋ ಮುಂದುವರಿಸಿ, ದಿನಾಂಕ ಬರೆದು ಪುಟ ಮಗುಚಿಬಿಡಿ.