ಎಲ್ಲವೂ ಒಂದೇ ಬಗೆ: ದಿನಬಾಡಿಗೆಯ ಮನೆಯನ್ನು ಸಜ್ಜುಗೊಳಿಸಿದ ನನ್ನ ಅನುಭವ

ಮೂರು ಮಲಗುವ ಕೋಣೆಗಳಿಗೂ ಒಂದೇ ಅಳತೆಯ ಮಂಚ, ಒಂದೇ ಬಿಳಿಯ ಬೆಡ್‌ಶೀಟ್, ಒಂದೇ ಆಕಾರದ ಲೋಟ, ಒಂದೇ ಬಗೆಯ ಬಲ್ಬು ಸಾಕೆಂದು ನಾನು ಹೇಳಿದಾಗ, ಇದೇ ಕಸುಬಿನಲ್ಲಿರುವ ಗೆಳೆಯರು ನಕ್ಕಿದ್ದರು. ಆಸ್ಪತ್ರೆಯ ವಾರ್ಡ್ ತೆರೆಯುತ್ತಿದ್ದೀರಾ ಎಂದು ಒಬ್ಬರು ಕೇಳಿಯೂ ಬಿಟ್ಟರು. ಹಾಗೆ ಕೇಳಿದವರೇ ಈಚೆಗೆ ಬಂದು ನನ್ನ ಬಟ್ಟೆಯ ಕಪಾಟಿನ ಫೋಟೊ ತೆಗೆದುಕೊಂಡು ಹೋದದ್ದರಿಂದ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲ ವರ್ಷ ನಾನೂ ಎಲ್ಲರಂತೆಯೇ ಮಾಡಿದ್ದೆ. ಕೋಣೆಗೊಂದು ಬಣ್ಣ, ಮಂಚಕ್ಕೊಂದು ಅಳತೆ. ಒಂದು ದಿಂಬಿನ ಕವರಿಗೆ ಕಲೆ ಬಿದ್ದರೆ ಆ ಇಡೀ ಜೋಡಿಯೇ ಹೋದಂತೆ. ಅದೇ ನೀಲಿಯನ್ನು ಮತ್ತೆ ತಂದರೂ ಹೊಸದು ಗಾಢವಾಗಿಯೂ ಹಳೆಯದು ಮಾಸಿದಂತೆಯೂ ಕಾಣುತ್ತಿತ್ತು. ಮನೆಯ ಸಾಮಾನಿಗೆಂದು ಇಟ್ಟಿದ್ದ ಹಣದ ಕಾಲು ಭಾಗದಷ್ಟು ಬಟ್ಟೆಗೇ ಹೋಗಿತ್ತು, ಅದರಲ್ಲಿ ಅರ್ಧದಷ್ಟು ವರ್ಷ ತುಂಬುವುದರೊಳಗೆ ನೆಲ ಒರೆಸುವ ಬಟ್ಟೆಯಾಯಿತು. ಇಬ್ಬರು ಸೇರಿ ಮನೆಯನ್ನು ಮುಂದಿನ ಅತಿಥಿಗೆ ಅಣಿಗೊಳಿಸಲು ಸುಮಾರು ಐದು ಗಂಟೆ ಬೇಕಾಗುತ್ತಿತ್ತು, ಅದರಲ್ಲಿ ಯಾವ ಬೆಡ್‌ಶೀಟ್ ಯಾವ ಮಂಚದ್ದೆಂದು ಹುಡುಕುವುದೇ ಒಂದು ಕೆಲಸ.

ಎರಡನೆಯ ವರ್ಷ ಎರಡು ಮಂಚಗಳನ್ನು ನಷ್ಟಕ್ಕೇ ಮಾರಿ, ಮೂರನ್ನೂ ಒಂದೇ ಅಳತೆಗೆ ತಂದೆ. ಮಂಚಕ್ಕೆ ಮೂರು ಜೋಡಿಯ ಲೆಕ್ಕದಲ್ಲಿ ಬಿಳಿಯ ಬೆಡ್‌ಶೀಟುಗಳನ್ನು ಕೊಂಡೆ: ಒಂದು ಹಾಸಿರುವುದು, ಒಂದು ಒಗೆತದಲ್ಲಿರುವುದು, ಒಂದು ಕಪಾಟಿನಲ್ಲಿರುವುದು. ಬಿಳಿಯಾದರೆ ಬಣ್ಣ ಹೋಗುವ ಭಯವಿಲ್ಲದೆ 60 ಡಿಗ್ರಿಯಲ್ಲಿ ಒಗೆಯಬಹುದು, ಬ್ಲೀಚ್ ಹಾಕಬಹುದು, ಹತ್ತರಲ್ಲಿ ಒಂದು ಹಾಳಾದರೆ ಒಂದನ್ನೇ ಬದಲಾಯಿಸಬಹುದು. ಒಂದು ಮಂಚಕ್ಕೆ ಬೇಕಾದುದನ್ನೆಲ್ಲ ಮಡಚಿ ಅದರದೇ ದಿಂಬಿನ ಕವರಿನೊಳಗೆ ತುಂಬಿ ಇಡುತ್ತೇನೆ. ಕೋಣೆಗೆ ಒಂದು ಗಂಟು ಒಯ್ದರೆ ಮುಗಿಯಿತು. ಈಗ ಅದೇ ಕೆಲಸ ಎರಡೂವರೆ ಗಂಟೆಯೊಳಗೆ ಮುಗಿಯುತ್ತದೆ. ದಿಂಬಿನ ಕವರಿನ ಹಳದಿ ಕಲೆಯನ್ನು ನಾನು ಹೇಗೆ ತೆಗೆಯುತ್ತೇನೆಂಬುದನ್ನು ಮಾತ್ರ ಇಲ್ಲಿ ಹೇಳಲಾರೆ. ಅದನ್ನು ಕಲಿಯಲು ಹನ್ನೆರಡು ಕವರುಗಳನ್ನು ಬಲಿ ಕೊಟ್ಟಿದ್ದೇನೆ.

ಹಾಸಿಗೆಯ ರಕ್ಷಣೆಗೆ ಮೊದಲು ತಂದ ಹೊದಿಕೆ ಅಗ್ಗದ್ದು. ಅತಿಥಿ ಮಗ್ಗುಲು ಬದಲಿಸಿದಾಗಲೆಲ್ಲ ಪ್ಲಾಸ್ಟಿಕ್ಕಿನಂತೆ ಸದ್ದು ಮಾಡುತ್ತಿತ್ತು, ಬೆನ್ನು ಬೆವರುತ್ತಿತ್ತು. ಮೇಲೆ ಟವೆಲ್ಲಿನಂಥ ಬಟ್ಟೆ, ಅಡಿಯಲ್ಲಿ ನೀರಿಳಿಯದ ತೆಳು ಪದರ ಇರುವುದನ್ನು ಎರಡರಷ್ಟು ಬೆಲೆ ಕೊಟ್ಟು ತಂದ ಮೇಲೆ, ಅದು ನನಗೆ ನೆನಪಿರುವಂತೆ ಮೂರು ಸಲ ಹಾಸಿಗೆಯನ್ನು ಉಳಿಸಿಕೊಟ್ಟಿದೆ.

ಟವೆಲ್ಲಿನಲ್ಲಿ ನಾನು ಸೋತದ್ದು ಆಡಂಬರದಿಂದ. 600 ಜಿಎಸ್‌ಎಂನ (ಅಂದರೆ ಚದರ ಮೀಟರಿಗೆ 600 ಗ್ರಾಂ ತೂಗುವ) ದಪ್ಪ ಟವೆಲ್ಲುಗಳು ಚಿತ್ರದಲ್ಲಿ ಚೆನ್ನಾಗಿ ಕಾಣುತ್ತಿದ್ದವು, ಆದರೆ ಮೋಡದ ದಿನ ಒಣಗದೆ ಮುಗ್ಗಲು ವಾಸನೆ ಬರುತ್ತಿದ್ದವು. ಮೆದುವಾಗಲೆಂದು ಹಾಕಿದ ಸಾಫ್ಟ್‌ನರ್‌ನಿಂದ ಅವು ನೀರನ್ನೇ ಹೀರದಾದವು. ಈಗ 450ರ ಆಸುಪಾಸಿನವೇ ಇವೆ, ಸಾಫ್ಟ್‌ನರ್ ಇಲ್ಲ. ಮುಖದ ಬಣ್ಣ ಒರೆಸಲು ಕನ್ನಡಿಯ ಬಳಿ ಎರಡು ಕಪ್ಪು ಕೈವಸ್ತ್ರಗಳನ್ನಿಟ್ಟದ್ದು ಸುಮ್ಮನೆ ಮಾಡಿದ ಪ್ರಯೋಗ. ಬಿಳಿಯ ಟವೆಲ್ಲುಗಳ ಕಲೆ ಮುಕ್ಕಾಲು ಪಾಲು ಅಲ್ಲಿಗೇ ನಿಂತಿತು. ಮನೆಯಲ್ಲಿ ಬಿಳಿಯಲ್ಲದ ಬಟ್ಟೆ ಇದೊಂದೇ.

ಬೆಡ್‌ಶೀಟುಗಳ ಮೇಲೆ ಮಾಡಿದ ಇನ್ನೊಂದು ಪ್ರಯೋಗವನ್ನೂ ಹೇಳಬೇಕು. ಅರ್ಧದಷ್ಟು ಶುದ್ಧ ಹತ್ತಿಯವನ್ನೂ ಅರ್ಧದಷ್ಟು ಪಾಲಿಯೆಸ್ಟರ್ ಬೆರೆತವನ್ನೂ ತಂದು, ಮೂಲೆಯಲ್ಲಿ ಬೇರೆ ಬೇರೆ ಬಣ್ಣದ ದಾರದ ಹೊಲಿಗೆ ಹಾಕಿ ಗುರುತಿಟ್ಟೆ. ಬೆರಕೆಯವು ಬೇಗ ಒಣಗಿದವು, ಇಸ್ತ್ರಿಯನ್ನೂ ಕೇಳಲಿಲ್ಲ; ಆದರೆ ಸುಮಾರು ಐವತ್ತು ಒಗೆತಗಳಾಗುವಷ್ಟರಲ್ಲಿ ಕಾಲಿನ ಕಡೆ ಸಣ್ಣ ಗಂಟುಗಳೆದ್ದವು. ಹತ್ತಿಯವು ಅದರ ಎರಡರಷ್ಟು ಬಂದು, ಆಮೇಲೆ ನಡುವಿನಲ್ಲಿ ತೆಳುವಾದವು. ನಾನು ಹತ್ತಿಯ ಪಕ್ಷ.

ಅಡುಗೆಮನೆಯ ವಿಷಯ ಎಲ್ಲರಿಗೂ ಗೊತ್ತಿರುವುದೇ. ವರ್ಷಕ್ಕೆ ಮೂರು ನಾನ್‌ಸ್ಟಿಕ್ ಬಾಣಲೆಗಳು ಸ್ಟೀಲ್ ಸೌಟಿನ ಗೀರಿಗೆ ಹೋದವು. ಬೀಡುಕಬ್ಬಿಣದ್ದನ್ನು ಯಾರೋ ರಾತ್ರಿಯಿಡೀ ನೀರಲ್ಲಿ ನೆನೆಹಾಕಿ ತುಕ್ಕು ಹಿಡಿಸಿದರು. ಈಗ ದಪ್ಪ ತಳದ ಸ್ಟೀಲ್ ಪಾತ್ರೆಗಳು ಮಾತ್ರ.

ಹೆಚ್ಚು ಹಣ ಕಳೆದುಕೊಂಡದ್ದು ಗೀಸರಿನಲ್ಲಿ, ಅದೂ ನನ್ನ ಸೂತ್ರವನ್ನೇ ಕಣ್ಣುಮುಚ್ಚಿ ನಂಬಿದ್ದರಿಂದ. ಎರಡು ಸ್ನಾನದ ಮನೆಗಳಿಗೂ 15 ಲೀಟರಿನ ಒಂದೇ ಬಗೆಯದನ್ನು ಹಾಕಿಸಿದೆ. 60 ಡಿಗ್ರಿಯ ನೀರಿಗೆ 20 ಡಿಗ್ರಿಯ ನೀರನ್ನು ಸಮಸಮ ಬೆರೆಸಿದರೆ 40 ಡಿಗ್ರಿಯ 30 ಲೀಟರು ಸಿಗುತ್ತದೆ; ನಿಮಿಷಕ್ಕೆ ಎಂಟು ಲೀಟರು ಸುರಿಯುವ ಷವರಿನಡಿ ಅದು ನಾಲ್ಕು ನಿಮಿಷವೂ ಬರುವುದಿಲ್ಲ. ಹೊರಗಿನ ಸ್ನಾನದ ಮನೆಯನ್ನು ನಾಲ್ವರು ಒಂದೇ ಬೆಳಿಗ್ಗೆ ಬಳಸುತ್ತಾರೆ. ಮೂರನೆಯವರ ದೂರು ತಪ್ಪದೆ ಬರುತ್ತಿತ್ತು. ಅದನ್ನು ತೆಗೆದು 25 ಲೀಟರಿನದು, ಅದೂ ಸಾಲದೆ ಕೊನೆಗೆ 100 ಲೀಟರಿನದು ಹಾಕಿಸಿದೆ. ಮೊದಲೇ ದೊಡ್ಡದನ್ನು ತಂದಿದ್ದರೆ, ಕೂಲಿಯೂ ಸೇರಿ, ಆದ ಖರ್ಚಿನ ಅರ್ಧದಲ್ಲಿ ಮುಗಿಯುತ್ತಿತ್ತು.

ಬಲ್ಬುಗಳೆಲ್ಲ 2700 ಕೆಲ್ವಿನ್, ಅಂದರೆ ಹಳದಿ ಛಾಯೆಯ ಬೆಳಕಿನವು. ರಿಮೋಟು, ಗಡಿಯಾರ, ನಂಬರ್ ಬೀಗ ಎಲ್ಲಕ್ಕೂ ಒಂದೇ ಪೆನ್ಸಿಲ್ ಸೆಲ್. ಮಧ್ಯರಾತ್ರಿ ಬೀಗದ ಸೆಲ್ ಸತ್ತು ನಾನೇ ಓಡಿಹೋದ ಮೇಲೆ, ಬೀಗದ್ದನ್ನು ಮಾತ್ರ ಸಾಯುವ ಮೊದಲೇ ಬದಲಿಸಿ ಹಳೆಯದನ್ನು ರಿಮೋಟಿಗೆ ಹಾಕುತ್ತೇನೆ.

ಲೋಟಗಳ ಕಥೆ ಇನ್ನೂ ಮುಗಿದಿಲ್ಲ. ಆರು ಜನರ ಮನೆಗೆ ಮೂವತ್ತಾರು ಲೋಟ ತಂದು, ಹನ್ನೆರಡನ್ನು ಹೊರಗಿಟ್ಟು ಉಳಿದವನ್ನು ಬೀಗ ಹಾಕಿದ ಕಪಾಟಿನಲ್ಲಿಟ್ಟಿದ್ದೆ. ಆ ಕಪಾಟಿನಲ್ಲೀಗ ಒಂಬತ್ತು ಉಳಿದಿವೆ, ಮತ್ತು ಆ ಆಕಾರದ ಲೋಟ ಇನ್ನು ಬರುವುದಿಲ್ಲವೆಂದು ಅಂಗಡಿಯವರು ಹೇಳಿದ್ದಾರೆ. ಫೋಟೊ ತೆಗೆದುಕೊಂಡು ಹೋದ ಗೆಳೆಯರಿಗೆ ಇದನ್ನು ನಾನಿನ್ನೂ ತಿಳಿಸಿಲ್ಲ.