ವಾಹನ ತಪಾಸಣೆಗೆ ಮುನ್ನ ಇಂಧನ ತಳಕಂಡಿದ್ದರೆ ಏನು ಮಾಡಬೇಕು?

ಕಾರಿನ ಯೋಗ್ಯತಾ ತಪಾಸಣೆಗೆ ಹೊರಡುವ ಮುನ್ನ ಟೈರು, ದೀಪ, ಹಾರ್ನ್, ವೈಪರ್, ಕಾಗದಪತ್ರಗಳನ್ನೆಲ್ಲ ಒಂದೊಂದಾಗಿ ನೋಡಿಕೊಳ್ಳುವವರು ಇಂಧನದ ಮುಳ್ಳಿನ ಕಡೆಗೆ ಗಮನ ಕೊಡುವುದು ಕಡಿಮೆ. ಟ್ಯಾಂಕಿನಲ್ಲಿ ಇಷ್ಟೇ ಇಂಧನ ಇರಬೇಕೆಂಬುದು ತಪಾಸಣೆಯ ಅಂಶಗಳಲ್ಲಿ ಸೇರಿಲ್ಲವಾದ್ದರಿಂದ ಈ ಅಲಕ್ಷ್ಯ ಸಹಜವೇ. ಆದರೆ ಹೊಗೆ ಪರೀಕ್ಷೆ ನಡೆಯಬೇಕಾದರೆ ಎಂಜಿನ್ ಚೆನ್ನಾಗಿ ಕಾದು, ಹೆಚ್ಚಿನ ವೇಗದಲ್ಲಿಯೂ ತಡವರಿಸದೆ ಓಡಬೇಕು. ಅಷ್ಟಕ್ಕೆ ಬೇಕಾದ ಇಂಧನ ಇಲ್ಲವೆಂದು ಕಂಡುಬಂದರೆ ಪರೀಕ್ಷಕರು ಪರೀಕ್ಷೆಯನ್ನು ಆರಂಭಿಸದೆಯೇ ವಾಹನವನ್ನು ಹಿಂದಕ್ಕೆ ಕಳುಹಿಸಬಹುದು. ಹಾಗೆಂದು ಟ್ಯಾಂಕನ್ನು ಕಂಠಮಟ್ಟ ತುಂಬಿಸಿಕೊಂಡು ಹೋಗುವ ಅಗತ್ಯವೂ ಇಲ್ಲ. ಕಾಲು ಟ್ಯಾಂಕಿನಿಂದ ಅರ್ಧ ಟ್ಯಾಂಕಿನವರೆಗಿನ ಮಟ್ಟ ಎಲ್ಲ ರೀತಿಯಿಂದಲೂ ಅನುಕೂಲಕರವಾದದ್ದು.

ಪರೀಕ್ಷೆಯ ವೇಳೆ ಎಂಜಿನ್ನಿಗೆ ಬೀಳುವ ಕೆಲಸ

ಪೆಟ್ರೋಲ್ ಕಾರಿನ ಸೈಲೆನ್ಸರ್ ಕೊಳವೆಗೆ ಅನಿಲ ಮಾಪಕದ ಕಡ್ಡಿಯನ್ನು ತೂರಿಸಿ, ಎಂಜಿನ್ ಸುಮ್ಮನೆ ಓಡುತ್ತಿರುವಾಗ ಒಮ್ಮೆ, ನಿಮಿಷಕ್ಕೆ ಸುಮಾರು 2,500ರಿಂದ 3,000 ಸುತ್ತುಗಳ ವೇಗದಲ್ಲಿ ಇನ್ನೊಮ್ಮೆ ಇಂಗಾಲದ ಮಾನಾಕ್ಸೈಡಿನ ಪ್ರಮಾಣವನ್ನು ಅಳೆಯುವುದು ಸಾಮಾನ್ಯ ಕ್ರಮ. ಹೆಚ್ಚಿನ ವೇಗದ ಪರೀಕ್ಷೆಯಲ್ಲಿ ಗಾಳಿ ಮತ್ತು ಇಂಧನದ ಬೆರಕೆ ಸರಿಯಿದೆಯೇ ಎಂಬುದನ್ನು ಸೂಚಿಸುವ ಲ್ಯಾಂಬ್ಡಾ ಅಂಕಿಯನ್ನೂ ನೋಡಲಾಗುತ್ತದೆ. ಅದು 1ರ ಆಸುಪಾಸಿನಲ್ಲಿ, ಸಾಮಾನ್ಯವಾಗಿ 0.97ರಿಂದ 1.03ರ ನಡುವೆ ಇರಬೇಕು. ಡೀಸೆಲ್ ಕಾರಿನಲ್ಲಿ ಗೇರ್ ನ್ಯೂಟ್ರಲ್‌ನಲ್ಲಿರುವಂತೆಯೇ ಎಕ್ಸಲರೇಟರ್ ಅನ್ನು ಪೂರ್ತಿ ಒತ್ತಿ, ಎಂಜಿನ್ ತನ್ನ ಗರಿಷ್ಠ ವೇಗಕ್ಕೆ ಏರುವಾಗ ಹೊರಬರುವ ಹೊಗೆಯ ದಟ್ಟಣೆಯನ್ನು ಅಳೆಯುತ್ತಾರೆ. ಇದನ್ನು ಒಂದರ ಹಿಂದೊಂದರಂತೆ ಹಲವು ಬಾರಿ ಮಾಡಬೇಕಾಗುತ್ತದೆ.

ಈ ಪರೀಕ್ಷೆಗೆ ಖರ್ಚಾಗುವ ಇಂಧನ ನಿಜಕ್ಕೂ ಹೆಚ್ಚಲ್ಲ. ಸಣ್ಣ ಕಾರಿನ ಎಂಜಿನ್ ಗಂಟೆಗಟ್ಟಲೆ ಸುಮ್ಮನೆ ಓಡಿದರೂ ಗಂಟೆಗೆ ಒಂದು ಲೀಟರಿನ ಆಸುಪಾಸಿನಲ್ಲಿ ಕುಡಿಯುತ್ತದೆ. ವೇಗ ಏರಿಸಿದಾಗ ಅದಕ್ಕಿಂತ ಹೆಚ್ಚು ಬೇಕಾದರೂ ಪರೀಕ್ಷೆ ಮುಗಿಯುವುದು ಕೆಲವೇ ನಿಮಿಷಗಳಲ್ಲಿ. ತೊಂದರೆ ಇರುವುದು ಪ್ರಮಾಣದಲ್ಲಲ್ಲ, ಪೂರೈಕೆಯ ಸ್ಥಿರತೆಯಲ್ಲಿ. ಟ್ಯಾಂಕಿನ ತಳದಲ್ಲಿ ಉಳಿದ ಇಂಧನ ತಿರುವಿನಲ್ಲಿಯೋ ಬ್ರೇಕ್ ಹಾಕಿದಾಗಲೋ ಇಳಿಜಾರಿನಲ್ಲಿಯೋ ಒಂದು ಬದಿಗೆ ಸರಿದರೆ ಪಂಪ್ ಇಂಧನದ ಬದಲು ಗಾಳಿಯನ್ನು ಎಳೆಯಬಹುದು. ಇದನ್ನು ತಡೆಯಲು ಆಧುನಿಕ ಟ್ಯಾಂಕುಗಳಲ್ಲಿ ಪಂಪಿನ ಸುತ್ತ ಪುಟ್ಟ ಬಟ್ಟಲಿನಂಥ ಸಂಗ್ರಹ ಇರುತ್ತದೆಯಾದರೂ ಅದಕ್ಕೂ ಮಿತಿಯಿದೆ. ಗಾಳಿ ಸೇರಿದೊಡನೆ ಎಂಜಿನ್ ಮಿಸ್ಸಾಗುತ್ತದೆ, ಅಂದರೆ ಯಾವುದೋ ಸಿಲಿಂಡರಿನಲ್ಲಿ ದಹನ ನಡೆಯದೆ ಹೋಗುತ್ತದೆ. ಆಗ ಲ್ಯಾಂಬ್ಡಾ ಅಂಕಿ ಏರುಪೇರಾಗುತ್ತದೆ, ಉರಿಯದೆ ಉಳಿದ ಇಂಧನ ಹೊಗೆಯ ಜತೆ ಹೊರಬಂದು, ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅಲ್ಲಿ ಉರಿದು ಅದನ್ನು ಅತಿಯಾಗಿ ಕಾಯಿಸುತ್ತದೆ. ಎಲ್ಲ ರೀತಿಯಲ್ಲೂ ಸರಿಯಾಗಿರುವ ಎಂಜಿನ್ ಕೂಡ ಹೀಗೆ ಅನುತ್ತೀರ್ಣವಾಗಬಹುದು. ಇದರ ಜತೆಗೆ, ಟ್ಯಾಂಕಿನೊಳಗೆ ಕೂರುವ ವಿದ್ಯುತ್ ಪಂಪನ್ನು ತಂಪಾಗಿಡುವುದೂ ಇಂಧನವೇ ಆದ್ದರಿಂದ, ಸದಾ ರಿಸರ್ವ್‌ನಲ್ಲಿ ಓಡಿಸುವ ಅಭ್ಯಾಸ ಪಂಪಿನ ಆಯುಷ್ಯವನ್ನು ಕಡಿಮೆ ಮಾಡುತ್ತದೆ.

ಖಾಲಿ ಟ್ಯಾಂಕಿನಲ್ಲಿ ಓಡಿಸಿದರೆ ತಳದ ಕಸವೆಲ್ಲ ಎಂಜಿನ್ನಿಗೆ ಹೋಗುತ್ತದೆ ಎಂಬ ಮಾತನ್ನು ಹಲವರು ನಂಬುತ್ತಾರೆ. ಪಂಪ್ ಯಾವಾಗಲೂ ತಳದಿಂದಲೇ ಎಳೆಯುವುದರಿಂದ ಟ್ಯಾಂಕ್ ತುಂಬಿದ್ದರೂ ಪರಿಸ್ಥಿತಿ ಬಹುಮಟ್ಟಿಗೆ ಅದೇ. ತುಕ್ಕು ಹಿಡಿದ ಹಳೆಯ ಉಕ್ಕಿನ ಟ್ಯಾಂಕುಗಳನ್ನು ಬಿಟ್ಟರೆ ಈ ಭಯಕ್ಕೆ ಹೆಚ್ಚಿನ ಆಧಾರವಿಲ್ಲ.

ಮೊದಲು ಲೆಕ್ಕ ಹಾಕಿ

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಗ್ನಿಷನ್ ಆನ್ ಮಾಡಿ, ಮುಳ್ಳು ಒಂದೆಡೆ ನಿಂತ ಮೇಲೆ ಓದಿಕೊಳ್ಳಿ; ಇಳಿಜಾರಿನಲ್ಲಿ ನಿಂತ ಕಾರಿನ ಮುಳ್ಳನ್ನು ನಂಬುವಂತಿಲ್ಲ. ಎಚ್ಚರಿಕೆಯ ದೀಪ ಹೊತ್ತಿದ್ದರೆ, ಇನ್ನೆಷ್ಟು ಲೀಟರ್ ಉಳಿದಿದೆ ಎಂಬುದನ್ನು ಆ ಕಾರಿನ ಮಾಲೀಕರ ಕೈಪಿಡಿಯಲ್ಲಿ ನೋಡಬೇಕು. ಡ್ಯಾಶ್‌ಬೋರ್ಡ್ ತೋರಿಸುವ ಉಳಿಕೆ ಕಿಲೋಮೀಟರುಗಳ ಸಂಖ್ಯೆ ಈಚಿನ ಚಾಲನೆಯ ಸರಾಸರಿಯನ್ನು ಆಧರಿಸಿದ ಅಂದಾಜು ಮಾತ್ರವಾಗಿದ್ದು, ಹೆದ್ದಾರಿಯಲ್ಲಿ ಓಡಿಸಿದ ಮರುದಿನ ದಟ್ಟ ಸಂಚಾರದಲ್ಲಿ ಸಿಲುಕಿದರೆ ಅದು ಬೇಗ ಕರಗಿಹೋಗುತ್ತದೆ.

ತಪಾಸಣಾ ಕೇಂದ್ರಕ್ಕೆ ಹೋಗಿಬರುವ ದೂರ, ಎಂಜಿನ್ ಕಾಯಿಸಲು ಬೇಕಾದ ಹೆಚ್ಚುವರಿ ಓಡಾಟ, ಸರದಿಯಲ್ಲಿ ಕಾಯುವ ಹೊತ್ತು, ಪರೀಕ್ಷೆ ಮತ್ತು ಒಂದು ವೇಳೆ ಬೇಕಾಗಬಹುದಾದ ಮರುಪರೀಕ್ಷೆ ಇವಿಷ್ಟನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೆಚ್ಚಿನ ಕಾರುಗಳಿಗೆ ಕಾಲು ಟ್ಯಾಂಕ್ ಇವೆಲ್ಲವನ್ನೂ ನಿಭಾಯಿಸಿ ಮಿಗುತ್ತದೆ.

ಹಿಂದಿನ ದಿನವೇ ತುಂಬಿಸಿ, ಆದರೆ ಅತಿಯಾಗಿ ಅಲ್ಲ

ತಪಾಸಣೆಯ ಬೆಳಿಗ್ಗೆ ಬಂಕಿನ ಸಾಲಿನಲ್ಲಿ ನಿಂತು ಗಡಿಬಿಡಿ ಮಾಡಿಕೊಳ್ಳುವ ಬದಲು ಹಿಂದಿನ ಸಂಜೆಯೇ ಇಂಧನ ಹಾಕಿಸಿಕೊಳ್ಳುವುದು ಲೇಸು. ಪಂಪಿನ ನಳಿಕೆ ತಾನಾಗಿ ನಿಂತ ಮೇಲೂ ಮತ್ತೆ ಒತ್ತಿ ತುಂಬಿಸುವುದನ್ನು ಬಿಡಬೇಕು. ಹಾಗೆ ತುಂಬಿಸಿದ ಪೆಟ್ರೋಲ್, ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿಯೊಳಕ್ಕೆ ನುಗ್ಗಿ ಅದನ್ನು ಕೆಡಿಸಬಹುದು. ಬಿಸಿಲಿಗೆ ಹಿಗ್ಗಿದ ಇಂಧನ ಹೊರಗೆ ತೊಟ್ಟಿಕ್ಕಿದರಂತೂ ಕಾರಿನ ಅಡಿಯಲ್ಲಿ ಸೋರಿಕೆ ಹುಡುಕುತ್ತಿರುವ ಪರೀಕ್ಷಕರ ಕಣ್ಣಿಗೆ ಅದು ದೋಷವಾಗಿಯೇ ಕಾಣುತ್ತದೆ.

ತುಂಬಿದ ಟ್ಯಾಂಕಿನ ಭಾರದಿಂದ ಬ್ರೇಕ್ ಪರೀಕ್ಷೆ ಕೆಡುತ್ತದೆಯೇ ಎಂದು ಕೇಳುವವರೂ ಇದ್ದಾರೆ. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು ಮುಕ್ಕಾಲು ಕಿಲೋ. 40 ಲೀಟರಿನ ಟ್ಯಾಂಕ್ ತುಂಬಿದರೂ 30 ಕಿಲೋ ದಾಟುವುದು ಕಷ್ಟ. ಡಿಕ್ಕಿಯಲ್ಲಿ ಮರೆತುಬಿಟ್ಟ ಸಾಮಾನು ಇದಕ್ಕಿಂತ ಭಾರವಾಗಿರುವ ಸಾಧ್ಯತೆಯೇ ಹೆಚ್ಚು.

ಮಟ್ಟ ಮಧ್ಯದಲ್ಲಿರಲಿ ಎನ್ನಲು ಇನ್ನೊಂದು ಗಟ್ಟಿಯಾದ ಕಾರಣವಿದೆ. ಒಬಿಡಿ ಎಂದು ಕರೆಯುವ ಸ್ವಯಂ ತಪಾಸಣಾ ವ್ಯವಸ್ಥೆಯನ್ನು ಕೆಲವು ದೇಶಗಳಲ್ಲಿ ಪರೀಕ್ಷಕರು ಕಂಪ್ಯೂಟರಿಗೆ ಜೋಡಿಸಿ ಓದುತ್ತಾರೆ. ಕಾರು ತನ್ನ ಹೊಗೆ ನಿಯಂತ್ರಣದ ಭಾಗಗಳನ್ನು ತಾನೇ ಪರೀಕ್ಷಿಸಿಕೊಂಡು ‘ಸಿದ್ಧ’ ಎಂದು ದಾಖಲಿಸಿರಬೇಕು. ಇಂಧನದ ಆವಿ ಸೋರುತ್ತಿದೆಯೇ ಎಂಬ ಸ್ವಯಂ ಪರೀಕ್ಷೆಯನ್ನು ಹಲವು ಕಾರುಗಳು ಟ್ಯಾಂಕ್ ಸುಮಾರು ಶೇ 15ರಿಂದ 85ರವರೆಗೆ ತುಂಬಿದ್ದಾಗ ಮಾತ್ರ ನಡೆಸುತ್ತವೆ. ತೀರಾ ಖಾಲಿಯಾಗಿದ್ದರೂ ಪೂರ್ತಿ ತುಂಬಿದ್ದರೂ ಆ ಪರೀಕ್ಷೆ ಬಾಕಿಯಾಗಿಯೇ ಉಳಿಯುತ್ತದೆ.

ಮುಚ್ಚಳ ಮತ್ತು ಹಳೆಯ ಪೆಟ್ರೋಲ್

ಇಂಧನ ಹಾಕಿಸಿದ ಮೇಲೆ ಮುಚ್ಚಳವನ್ನು ‘ಟಕ್’ ಎನ್ನುವವರೆಗೆ ತಿರುಗಿಸಿ. ಸಡಿಲವಾದ ಮುಚ್ಚಳವೊಂದೇ ಎಂಜಿನ್ ಎಚ್ಚರಿಕೆಯ ದೀಪ ಹೊತ್ತಲು ಸಾಕು. ಮುಚ್ಚಳ ಕಳೆದಿದ್ದರೆ ಅಥವಾ ಅದರ ರಬ್ಬರ್ ಹರಿದಿದ್ದರೆ ಅದನ್ನು ದೋಷವೆಂದೇ ಪರಿಗಣಿಸಬಹುದು. ಮುಚ್ಚಳಕ್ಕೆ ಬೇರೆ ಬೀಗದ ಕೈ ಇದ್ದರೆ ಅದನ್ನೂ ಜತೆಗೆ ಒಯ್ಯಬೇಕು. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಪೆಟ್ರೋಲಿನ ಬೇಗ ಆವಿಯಾಗುವ ಅಂಶಗಳು ಹಾರಿಹೋಗಿ ಎಂಜಿನ್ ಸರಿಯಾಗಿ ಉರಿಯದಿರಬಹುದಾದ್ದರಿಂದ, ಹೊಸ ಪೆಟ್ರೋಲ್ ಬೆರೆಸಿ ಒಂದೆರಡು ದಿನ ಓಡಿಸಿದ ಮೇಲೆ ತಪಾಸಣೆಗೆ ಒಯ್ಯುವುದು ಉತ್ತಮ.

ಕಾಯಿಸಿದ ಎಂಜಿನ್ನಿನೊಂದಿಗೆ ತಲುಪಿ

ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಆರಂಭಿಸುವುದು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ. ಎಂಜಿನ್ ಆಯಿಲ್ ಕೂಡ ಕನಿಷ್ಠ 80 ಡಿಗ್ರಿ ತಲುಪಿರಬೇಕೆಂದು ಹಲವೆಡೆಯ ನಿಯಮಗಳು ಹೇಳುತ್ತವೆ. ಕೇಂದ್ರ ಹತ್ತಿರದಲ್ಲಿದ್ದರೆ ಸ್ವಲ್ಪ ಸುತ್ತುಬಳಸಿನ ದಾರಿ ಹಿಡಿದು 15–20 ನಿಮಿಷ ಓಡಿಸುವುದು ಒಳ್ಳೆಯದು. ಇಂಧನ ಉಳಿಸಲೆಂದು ಈ ಓಟವನ್ನು ಬಿಟ್ಟು ತಣ್ಣಗಿನ ಎಂಜಿನ್ನಿನಲ್ಲಿ ಹೋಗುವುದು ಉಳಿತಾಯವೂ ಅಲ್ಲ, ಜಾಣತನವೂ ಅಲ್ಲ. ಸರದಿ ತಡವಾದರೆ ಎಂಜಿನ್ ತಣಿದಿದೆಯೆಂದು ಪರೀಕ್ಷಕರಿಗೆ ಮುಂಚೆಯೇ ತಿಳಿಸಿ.

ಹೈಬ್ರಿಡ್ ಕಾರು ಬ್ಯಾಟರಿಯಲ್ಲೇ ಓಡಿ ಬಂದಿದ್ದರೂ ಹೊಗೆ ಪರೀಕ್ಷೆಗೆ ಅದರ ಎಂಜಿನ್ ಓಡಲೇಬೇಕಾಗುವುದರಿಂದ ಅದಕ್ಕೂ ಇಂಧನ ಬೇಕು. ಪೆಟ್ರೋಲ್ ಮತ್ತು ಅನಿಲ ಎರಡರಲ್ಲೂ ಓಡುವ ಕಾರನ್ನು ಎರಡರಲ್ಲೂ ಪರೀಕ್ಷಿಸುವ ಕ್ರಮ ಇರುವಲ್ಲಿ ಎರಡೂ ಇರಬೇಕು. ಅನಿಲ ಇದೆಯೆಂಬ ಧೈರ್ಯದಲ್ಲಿ ಪೆಟ್ರೋಲನ್ನು ಮರೆಯುವವರೇ ಇಲ್ಲಿ ಹೆಚ್ಚು ಸಿಕ್ಕಿಬೀಳುತ್ತಾರೆ.

ದಾರಿಯಲ್ಲೇ ರಿಸರ್ವ್‌ಗೆ ಬಂದರೆ

ಎ.ಸಿ. ಆರಿಸಿ, ಒಂದೇ ಹದವಾದ ವೇಗದಲ್ಲಿ ಹತ್ತಿರದ ಬಂಕಿಗೆ ಹೋಗಿ. ತಪಾಸಣೆಗೆ ಹೊತ್ತಾಯಿತೆಂದು ಬಂಕನ್ನು ದಾಟಿ ಹೋಗಬೇಡಿ. ಇಳಿಜಾರಿನಲ್ಲಿ ಎಂಜಿನ್ ಆರಿಸಿ ಜಾರುಬಿಡುವುದು ಅಪಾಯಕರ, ಏಕೆಂದರೆ ಬ್ರೇಕಿಗೂ ಸ್ಟಿಯರಿಂಗಿಗೂ ಸಿಗುವ ಸಹಾಯಕ ಬಲ ನಿಂತುಹೋಗುತ್ತದೆ. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಗೇರ್‌ನಲ್ಲಿದ್ದು ಎಕ್ಸಲರೇಟರ್ ಬಿಟ್ಟರೆ ಇಂಧನ ತಾನಾಗಿ ಕಡಿತಗೊಳ್ಳುವುದರಿಂದ ನ್ಯೂಟ್ರಲ್ ಮಾಡುವುದರಿಂದಲೂ ಲಾಭವಿಲ್ಲ.

ಕಾರು ನಿಂತೇಹೋದರೆ ರಸ್ತೆಯ ಅಂಚಿಗೆ ಸರಿಸಿ, ನಾಲ್ಕೂ ಇಂಡಿಕೇಟರ್‌ಗಳನ್ನು ಹಾಕಿ, ಇಂಧನಕ್ಕೆಂದೇ ತಯಾರಿಸಿದ ಕ್ಯಾನಿನಲ್ಲಿ ನಾಲ್ಕೈದು ಲೀಟರ್ ತರಿಸಿ. ಒಂದೆರಡು ಲೀಟರ್ ಹಾಕಿದರೆ, ಓರೆಯಾಗಿ ನಿಂತ ಕಾರಿನಲ್ಲಿ ಅದು ಪಂಪಿಗೆ ಎಟುಕದಿರಬಹುದು. ಪೆಟ್ರೋಲ್ ಕಾರಾದರೆ ಸ್ಟಾರ್ಟ್ ಮಾಡುವ ಮುನ್ನ ಕೀಯನ್ನು ಕೆಲವು ಸಲ ಆನ್ ಮಾಡಿ ಆಫ್ ಮಾಡಿದಾಗ ಪಂಪ್ ಇಂಧನವನ್ನು ಕೊಳವೆಗೆ ತುಂಬಿಕೊಳ್ಳುತ್ತದೆ. ಡೀಸೆಲ್ ಕಾರಿನಲ್ಲಿ ಗಾಳಿ ಸೇರಿಕೊಂಡಿದ್ದರೆ ಅದನ್ನು ಕೈಪಂಪಿನಿಂದಲೋ ಮೆಕ್ಯಾನಿಕ್ ಕೈಯಿಂದಲೋ ಹೊರತೆಗೆಸಬೇಕು. ಸ್ಟಾರ್ಟರನ್ನು ಒಂದೇ ಸಮನೆ ತಿರುಗಿಸುತ್ತಾ ಕೂತರೆ ಬ್ಯಾಟರಿ ಇಳಿಯುವುದಲ್ಲದೆ, ಡೀಸೆಲ್‌ನಿಂದಲೇ ಜಾರಿಕೆ (ಲೂಬ್ರಿಕೇಷನ್) ಪಡೆಯುವ ಅಧಿಕ ಒತ್ತಡದ ಪಂಪಿಗೂ ಹಾನಿಯಾಗುತ್ತದೆ.

ಎಂಜಿನ್ ಮತ್ತೆ ಓಡಿದ ಮೇಲೆ ಎಂಜಿನ್ ಎಚ್ಚರಿಕೆಯ ದೀಪ ಉಳಿದಿದೆಯೇ ನೋಡಿ. ಉಳಿದಿದ್ದರೆ ಯಾರಿಂದಲಾದರೂ ಸ್ಕ್ಯಾನರ್ ಹಾಕಿಸಿ ದೀಪ ಅಳಿಸಿಕೊಂಡು ನೇರವಾಗಿ ಕೇಂದ್ರಕ್ಕೆ ಹೋಗುವ ಉಪಾಯ ಫಲಿಸುವುದಿಲ್ಲ, ಏಕೆಂದರೆ ಅಳಿಸಿದೊಡನೆ ಮೇಲೆ ಹೇಳಿದ ‘ಸಿದ್ಧ’ ದಾಖಲೆಗಳೂ ಅಳಿದುಹೋಗುತ್ತವೆ, ಅವು ಮರಳಲು ನಗರದ ಓಟ, ಹೆದ್ದಾರಿಯ ಓಟ ಎರಡೂ ಸೇರಿ ಹಲವು ದಿನಗಳ ಚಾಲನೆ ಬೇಕಾಗಬಹುದು. ಅಂಥ ಸಂದರ್ಭದಲ್ಲಿ ಕೇಂದ್ರಕ್ಕೆ ಫೋನ್ ಮಾಡಿ, ಈಗಿನ ಪ್ರಮಾಣಪತ್ರದ ಅವಧಿ ಮುಗಿಯುವುದರೊಳಗಿನ ಇನ್ನೊಂದು ದಿನಾಂಕವನ್ನು ಕೇಳಿ ಪಡೆಯಬೇಕು.