ಗುದ್ದಲಿಗೆ ಕಾವು ಹಾಕಿದ್ದು

ನಾವು ಸೋಲಿಗರು. ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ, ನಮ್ಮ ಮನೆ. ಗುದ್ದಲಿಯ ಅಲಗನ್ನು ಕೆಳಗಿನ ಸಂತೆಯಿಂದ ತರುತ್ತೇವೆ. ಕಾವು, ಅಂದರೆ ಮರದ ಹಿಡಿ, ಮಾತ್ರ ನಾವೇ ಮಾಡಿಕೊಳ್ಳುವುದು.

ನನ್ನ ಮೊದಲ ಕಾವು ಹದಿನೈದು ದಿನವೂ ಬಾಳಲಿಲ್ಲ. ಹಸಿ ಕೊಂಬೆ ತಂದು, ಅವತ್ತೇ ಕೆತ್ತಿ, ಬೆಣೆ ಹೊಡೆದು ಹೊಲಕ್ಕಿಳಿದಿದ್ದೆ. "ಇದ್ರೊಳ್ಗ ಇನ್ನೂ ನೀರದ ಕನ ಮಗ, ಒಣಗ್ಲಿ ಬುಡು" ಅಂತ ತಾತ ಹೇಳಿದ್ದರು. ಕೇಳಲಿಲ್ಲ. ಬಿಸಿಲಿಗೆ ಮರ ಸೊರಗಿ ಅಲಗು ಲೊಡಲೊಡ ಅನ್ನತೊಡಗಿತು. ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಗಟ್ಟಿಯಾಗಿ ಕೂತಿತ್ತು, ಎರಡೇ ದಿನಕ್ಕೆ ಮೊದಲಿಗಿಂತ ಜಾಸ್ತಿ ಸಡಿಲ! ಉಬ್ಬಿದ ಮರ ಅಲಗಿನ ಕಬ್ಬಿಣದ ಬಳೆಯೊಳಗೆ ನಲುಗುತ್ತದೆ. ಒಣಗಿದಾಗ ಇನ್ನೂ ಸಣ್ಣಗಾಗುತ್ತದೆ. ಕೊನೆಗೆ ಒಂದೇಟಿಗೆ ಅಲಗು ಕಳಚಿ ರಾಗಿ ಸಾಲಿನಾಚೆ ಹಾರಿತು. ಪುಣ್ಯಕ್ಕೆ ಆ ಕಡೆ ಯಾರೂ ಇರಲಿಲ್ಲ.

ಎರಡನೇ ಸಲ ತಡಸಲು ಮರ ಹುಡುಕಿದೆ. ಅದು ಬಳುಕುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ಕಲ್ಲಿಗೆ ತಾಗಿದರೂ ಏಟು ಅಂಗೈಗೆ ಬಡಿಯುವುದು ಕಡಿಮೆ. ದಿಂಡಿಗದ ಮರ ಇನ್ನೂ ಗಟ್ಟಿ, ಆದರೆ ಭಾರ. ಅದನ್ನು ಕೊಡಲಿಗೆ ಇಟ್ಟುಕೊಳ್ಳುತ್ತೇನೆ. ಕಾವಿಗೆಂದು ಮರ ಕಡಿಯುವುದಿಲ್ಲ. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ನಮ್ಮ ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಹಕ್ಕಿದೆ ಅಂತ ಒಂದು ಕೋಲಿಗೆ ಇಡೀ ಮರ ಉರುಳಿಸೋಕಾಗುತ್ತಾ? ಗಾಳಿಗೆ ಆಗಷ್ಟೇ ಬಿದ್ದ, ಗಂಟಿಲ್ಲದ ಕೊಂಬೆ ಸಿಕ್ಕಿತು. ಸಿಪ್ಪೆ ಸಮೇತ ಒಲೆಯ ಮೇಲಿನ ಅಟ್ಟದಲ್ಲಿ ಮೂರು ತಿಂಗಳು ಬಿಟ್ಟೆ. ಸಿಪ್ಪೆ ಇದ್ದರೆ ನಿಧಾನವಾಗಿ ಒಣಗುತ್ತದೆ, ಸೀಳುವುದಿಲ್ಲ. ಹೊಗೆಗೆ ಹುಳ ಹತ್ತಿರ ಬರುವುದಿಲ್ಲ.

ಈ ಸಲ ಬೆಣೆಯನ್ನೇ ಬಿಟ್ಟೆ. ಕೊಂಬೆಯ ಬುಡ ದಪ್ಪ, ತುದಿ ಸಣ್ಣ ಇರುತ್ತದಲ್ವಾ? ತುದಿಯ ಕಡೆಯಿಂದ ಅಲಗಿನ ಬಳೆ ತೂರಿಸಿ ಬುಡದವರೆಗೆ ಎಳೆದೆ. ಬುಡವನ್ನು ಬಳೆಗಿಂತ ಒಂದು ಕೂದಲಷ್ಟು ದಪ್ಪ ಉಳಿಸಿಕೊಂಡಿದ್ದೆ. ಹೀಗೆ ಹಾಕಿದರೆ ಅಗೆದಷ್ಟೂ ಅಲಗು ಬಿಗಿಯಾಗುತ್ತಾ ಹೋಗುತ್ತದೆ. ಹಿಡಿಯನ್ನು ಒಡೆದ ಬಾಟಲಿ ಚೂರಿನಿಂದ ಹೆರೆದು ಹರಳೆಣ್ಣೆ ತಿಕ್ಕಿದೆ.

ಉದ್ದದ ಲೆಕ್ಕ ತಾತನದು. ಇಳಿಜಾರಿನಲ್ಲಿ ಮೇಲ್ಮುಖವಾಗಿ ನಿಂತು ಅಗೆಯುತ್ತೇವೆ, ಮಣ್ಣು ಎದೆಯ ಹತ್ತಿರ ಬಂದಂತಿರುತ್ತದೆ. ಹಾಗಾಗಿ ಕಾವು ಗಿಡ್ಡ ಇದ್ದರೇ ಹಿತ. ಬಯಲಿನ ನೆಂಟನೊಬ್ಬ ಅದನ್ನು ಹಿಡಿದು ಅರ್ಧ ಗಂಟೆಗೇ ಸೊಂಟ ಹಿಡಿದುಕೊಂಡು ಕೂತ.

ಉಳಿದ ತುಂಡಿನಲ್ಲಿ ನೂರೆ ಅನ್ನುವ ಕಾಡು ಗೆಣಸು ಅಗೆಯುವ ಕೋಲು ಮಾಡಿದೆ. ತುದಿಯನ್ನು ಪೆನ್ಸಿಲ್‌ನಂತೆ ಸುತ್ತಲೂ ಚೂಪು ಮಾಡಬಾರದು, ಒಂದೇ ಕಡೆ ಓರೆಯಾಗಿ ಕೆತ್ತಬೇಕು. ಆಮೇಲೆ ಕೆಂಡದ ಮೇಲೆ ತಿರುಗಿಸುತ್ತಾ ಕಾಯಿಸಬೇಕು. ಬಣ್ಣ ಕಂದಾದರೆ ಸಾಕು, ಕಪ್ಪಾದರೆ ಸುಟ್ಟು ಪುಡಿಯಾಗುತ್ತದೆ. ನಾನು ಎರಡು ಸಲ ಕಪ್ಪು ಮಾಡಿದೆ, ಮೂರನೆಯದು ಹದಕ್ಕೆ ಬಂತು. ಗೆಣಸು ಕಿತ್ತ ಮೇಲೆ ಬಳ್ಳಿಯ ತಲೆಯನ್ನು ಅದೇ ಗುಂಡಿಗೆ ನೆಟ್ಟು, ಮಣ್ಣು ಮುಚ್ಚಿ ಬಂದೆ.